ಲೇಕಾಕ್ ಹಳ್ಳಿಯಲ್ಲಿ ಉಳಿದಿರುವುದು ಮನೆಗಳೋ, ಊರೋ?

ಏವನ್‌ತೀರ
ಇಂಗ್ಲೆಂಡಿನ ವಿಲ್ಟ್‌ಷರ್ ಸೀಮೆಯ ಲೇಕಾಕ್ ಹಳ್ಳಿಯ ಬಗ್ಗೆ ಈ ವೇದಿಕೆಯಲ್ಲಿ ಫೋಟೋಗಳು ಬೇಕಾದಷ್ಟು ಬಂದಿವೆ. ನನ್ನ ಪ್ರಶ್ನೆ ಫೋಟೋದ ಆಚೆಯದು.

ನಾನು ಇರುವುದು ಚಿಪ್ಪೆನ್‌ಹ್ಯಾಮ್ ಹತ್ತಿರ. ಲೇಕಾಕ್ ಇಲ್ಲಿಂದ ಕೂಗಳತೆಯಲ್ಲಿದೆ. ನಾಲ್ಕೇ ಬೀದಿಗಳು, ಅವು ಸೇರಿ ಒಂದು ಚೌಕ. ಮರದ ಚೌಕಟ್ಟಿನ ಮನೆಗಳ ಪಕ್ಕದಲ್ಲಿ ಕಲ್ಲಿನವು, ಅವುಗಳ ನಡುವೆ ಇಟ್ಟಿಗೆಯವು. ಒಂದು ಮನೆಯ ತೊಲೆ 14ನೆಯ ಶತಮಾನದ್ದು, ಪಕ್ಕದ ಮನೆಯ ಕಿಟಕಿ 18ನೆಯ ಶತಮಾನದ್ದು. ಬೀದಿಯಲ್ಲಿ ತಂತಿ ಕಾಣುವುದಿಲ್ಲ, ಚಾವಣಿಯ ಮೇಲೆ ಟಿವಿ ಆಂಟೆನಾ ಕಾಣುವುದಿಲ್ಲ. ಸಿನಿಮಾದವರು ಬಂದರೆ ರಸ್ತೆಗೆ ಒಂದಿಷ್ಟು ಮಣ್ಣು ಹರಡುತ್ತಾರೆ, ಅಂಗಡಿಯ ಫಲಕ ಬದಲಿಸುತ್ತಾರೆ, ಅಲ್ಲಿಗೆ ಇನ್ನೂರು ವರ್ಷ ಹಿಂದಕ್ಕೆ ಹೋದಂತಾಯಿತು.

ಇಡೀ ಊರು ಹೆಚ್ಚುಕಡಿಮೆ ಒಬ್ಬರ ಒಡೆತನದಲ್ಲಿದೆ: ಹಳೆಯ ಕಟ್ಟಡಗಳನ್ನೂ ನೆಲವನ್ನೂ ಕಾಪಾಡುವ ದತ್ತಿ ಸಂಸ್ಥೆ ನ್ಯಾಷನಲ್ ಟ್ರಸ್ಟ್. ಅಲ್ಲಿ ವಾಸವಾಗಿರುವವರಲ್ಲಿ ಬಹುಪಾಲು ಜನ ಟ್ರಸ್ಟ್‌ನ ಬಾಡಿಗೆದಾರರು. ಪ್ರಾಥಮಿಕ ಶಾಲೆ ಇದೆ, ಚರ್ಚ್ ಇದೆ, ಪಬ್ಬುಗಳಿವೆ. ಅಂದರೆ ಇದು ವಸ್ತುಸಂಗ್ರಹಾಲಯವಲ್ಲ. ಆದರೂ ಬೇಸಿಗೆಯ ಭಾನುವಾರ ಯಾರದೋ ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ನಿಂತಿರುವ ಪ್ರವಾಸಿಗರನ್ನು ಕಂಡಾಗ ಅನುಮಾನ ಬರುತ್ತದೆ. ಇಲ್ಲಿ ನಿಜವಾಗಿ ಉಳಿದದ್ದು ಏನು? ತಿಳಿದವರು ಬರೆಯಿರಿ. ‘ಎಷ್ಟು ಚೆಂದ’ ಎಂಬ ಉತ್ತರಗಳು ಬೇಡ.

ಮೇಷ್ಟರು58
ಇತಿಹಾಸ ಬಿಟ್ಟರೆ ಈ ಪ್ರಶ್ನೆಗೆ ಉತ್ತರವಿಲ್ಲ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಊರಿಗೆ ಮೂಲ ಅಲ್ಲಿಯ ಮಠ. ಸಾಲ್ಸ್‌ಬರಿಯ ಕೌಂಟೆಸ್ ಏಲಾ ಎಂಬಾಕೆ ಗಂಡ ತೀರಿಕೊಂಡ ಮೇಲೆ 13ನೆಯ ಶತಮಾನದ ಮೊದಲ ಭಾಗದಲ್ಲಿ ಸಂನ್ಯಾಸಿನಿಯರಿಗಾಗಿ ಇದನ್ನು ಸ್ಥಾಪಿಸಿ, ಮುಂದೆ ತಾನೇ ಅದರ ಮುಖ್ಯಸ್ಥೆಯಾದಳು. ಅದಕ್ಕೆ ಮೊದಲು ಆಕೆ ವಿಲ್ಟ್‌ಷರ್‌ನ ಶೆರಿಫ್, ಅಂದರೆ ಆ ಸೀಮೆಯಲ್ಲಿ ರಾಜನ ಅಧಿಕಾರಿ, ಆಗಿದ್ದಳು. ಆ ಕಾಲದಲ್ಲಿ ಹೆಂಗಸೊಬ್ಬಳು ಈ ಹುದ್ದೆಯಲ್ಲಿ ಕೂರುವುದು ಸಾಮಾನ್ಯ ಸಂಗತಿಯಲ್ಲ. ಮಠದ ಜಮೀನು, ಕುರಿಯ ಉಣ್ಣೆ, ಉಣ್ಣೆಯ ಬಟ್ಟೆ: ಊರಿನ ಬದುಕು ಇಷ್ಟರ ಸುತ್ತ ಬೆಳೆಯಿತು.

ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ 1539ರಲ್ಲಿ ಇದೂ ಮುಚ್ಚಿತು. ವಿಲಿಯಂ ಶಾರಿಂಗ್‌ಟನ್ ಎಂಬವನು 783 ಪೌಂಡಿಗೆ ಕೊಂಡುಕೊಂಡ. ಮಠದ ಚರ್ಚನ್ನು ಕೆಡವಿದ, ಆದರೆ ಸುತ್ತುಪಡಸಾಲೆಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ತನ್ನ ಮನೆ ಕಟ್ಟಿಸಿದ. (ಮುಂದೆ ಬ್ರಿಸ್ಟಲ್ ಟಂಕಸಾಲೆಯಲ್ಲಿ ನಾಣ್ಯದ ಮೋಸಕ್ಕೆ ಸಿಕ್ಕಿಬಿದ್ದು, ಕ್ಷಮಾದಾನ ಪಡೆದ ಮಹಾನುಭಾವನೂ ಇವನೇ.) ಮದುವೆಯ ಸಂಬಂಧದಿಂದ ಆಸ್ತಿ ಟಾಲ್ಬಟ್ ಮನೆತನಕ್ಕೆ ಹೋಯಿತು. ಆ ಮನೆತನದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ಅದೇ ಮನೆಯ ಜಾಲರಿ ಕಿಟಕಿಯೊಂದನ್ನು ಪುಟ್ಟ ಕ್ಯಾಮೆರಾದಲ್ಲಿ ಹಿಡಿದ. ಇಂದಿಗೂ ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಪ್ರಪಂಚದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಹಳ್ಳಿಗಳಲ್ಲಿ ಒಂದು, ಫೋಟೋಗ್ರಫಿ ಹುಟ್ಟಿದ ಮನೆಯ ಹಿತ್ತಿಲಿನಲ್ಲಿಯೇ ಇರುವುದು ತಮಾಷೆಯ ವಿಷಯ.

ನನ್ನ ಮುಖ್ಯ ಮಾತು ಇಲ್ಲಿದೆ. ಊರಿನ ಮನೆಗಳು ಶತಮಾನಗಳ ಕಾಲ ಒಂದೇ ಜಮೀನ್ದಾರಿಯ ಸೊತ್ತು. ಬಾಡಿಗೆಗೆ ಇದ್ದವರಿಗೆ ಕೆಡವಿ ಕಟ್ಟುವ ಹಕ್ಕಿರಲಿಲ್ಲ, ಕಟ್ಟುವಷ್ಟು ಹಣವೂ ಇರಲಿಲ್ಲ. ಕೈಗಾರಿಕಾ ಕ್ರಾಂತಿ ಬಂದಾಗ ಬಟ್ಟೆಯ ಕಸುಬು ಬೇರೆಡೆಗೆ ಹೋಯಿತು. ಊರು ಹಳೆಯದಾಗಿ ಉಳಿದದ್ದು ಯಾರೋ ಉಳಿಸಬೇಕೆಂದು ಹೊರಟಿದ್ದರಿಂದಲ್ಲ. ಬದಲಿಸುವ ಶಕ್ತಿ ಅಲ್ಲಿ ವಾಸವಾಗಿದ್ದವರ ಕೈಯಲ್ಲಿ ಇರಲಿಲ್ಲವಾದ್ದರಿಂದ. 1916ರಲ್ಲಿ ಆಸ್ತಿ ಮಟಿಲ್ಡಾ ಟಾಲ್ಬಟ್ ಕೈಗೆ ಬಂತು. 1944ರಲ್ಲಿ ಆಕೆ ಮಠವನ್ನೂ ಹಳ್ಳಿಯನ್ನೂ ಟ್ರಸ್ಟ್‌ಗೆ ದಾನವಾಗಿ ಕೊಟ್ಟರು. ದಾನ ಕೊಟ್ಟದ್ದು ಒಡತಿ. ಊರಿನವರ ಪಾಲಿಗೆ ಮನೆಯೊಡೆಯರ ಹೆಸರು ಬದಲಾಯಿತು, ಅಷ್ಟೇ.

ಚಹಾಪ್ರಿಯೆ
ಅಷ್ಟೇ ಎಂದುಬಿಟ್ಟರೆ ಹೇಗೆ ಮೇಷ್ಟರೇ? 1944ರಲ್ಲಿ ಆಕೆ ಮನೆಗಳನ್ನು ಒಂದೊಂದಾಗಿ ಮಾರಿದ್ದರೆ ಇಂದು ಅಲ್ಲಿ ಶಾಲೆಗೆ ಹೋಗುವ ಒಂದು ಮಗುವೂ ಇರುತ್ತಿರಲಿಲ್ಲ. ಲಂಡನ್ನಿನವರ ವಾರಾಂತ್ಯದ ಮನೆಗಳಾಗಿರುತ್ತಿದ್ದವು.

ಹಳೆಗೋಡೆ
ನಾನು ಲೇಕಾಕ್‌ನಲ್ಲಿ ಇಲ್ಲ. ಕಾಟ್ಸ್‌ವೋಲ್ಡ್ಸ್ ಎಂಬ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ, ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಹಳೆಯ ಮನೆಯೊಂದರಲ್ಲಿ ಬಾಡಿಗೆಗಿದ್ದೇನೆ. ಒಳಗಿನಿಂದ ಹೇಗಿರುತ್ತದೆ ಎಂದು ಯಾರಾದರೂ ಹೇಳಲೇಬೇಕಲ್ಲ.

ಚಳಿ. ಮೊದಲನೆಯ ಮಾತೂ ಕೊನೆಯ ಮಾತೂ ಅದೇ. ಕಿಟಕಿಗೆ ಒಂದೇ ಪದರದ ಗಾಜು, ಸೀಸದ ಪಟ್ಟಿಗಳ ನಡುವೆ ಗಾಳಿ ತೂರುತ್ತದೆ. ಎರಡು ಪದರದ ಗಾಜು ಹಾಕಿಸಿ ಎಂದು ಕೇಳಿದರೆ ಮನೆಯೊಡೆಯರು ಕಟ್ಟಡದ ಅನುಮತಿ ಕೊಡುವ ಯೋಜನಾ ಅಧಿಕಾರಿಯ ಕಡೆಗೆ ಬೆರಳು ತೋರಿಸುತ್ತಾರೆ, ಅಧಿಕಾರಿ ಅರ್ಜಿ ಕೊಡಿ ಎನ್ನುತ್ತಾರೆ, ಅರ್ಜಿ ಕೊಡಬೇಕಾದವರು ಮತ್ತೆ ಮನೆಯೊಡೆಯರೇ. ಅನುಮತಿ ಇಲ್ಲದೆ ಕಿಟಕಿ ಬದಲಿಸಿದರೆ 1990ರ ಕಾಯ್ದೆಯ ಪ್ರಕಾರ ಅದು ಕ್ರಿಮಿನಲ್ ಅಪರಾಧ. ದಂಡ ಕಟ್ಟಿ ಕೈತೊಳೆದುಕೊಳ್ಳುವ ಸಣ್ಣ ವಿಷಯವಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗೆ ಇಂಧನ ಪ್ರಮಾಣಪತ್ರದಲ್ಲಿ ಕನಿಷ್ಠ ‘ಇ’ ದರ್ಜೆ ಇರಬೇಕೆಂಬ ನಿಯಮವಿದೆ. ಆದರೆ ಕಟ್ಟಡದ ಸ್ವರೂಪಕ್ಕೆ ಧಕ್ಕೆಯಾಗುತ್ತದೆ ಎಂದರೆ ಹಳೆಯ ಮನೆಗೆ ವಿನಾಯಿತಿ ಸಿಗುವ ದಾರಿಯೂ ಇದೆ. ವಿನಾಯಿತಿ ಸಿಗುವುದು ಮನೆಗೆ, ಚಳಿಯಲ್ಲಿ ಕೂರುವುದು ನಾನು.

ಇಷ್ಟಾದರೂ ಮನೆ ಬಿಟ್ಟಿಲ್ಲ. ಏಕೆಂದರೆ ನಮ್ಮ ಬೀದಿಯಲ್ಲಿ ಬಾಡಿಗೆಗೆ ಸಿಗುವ ಮನೆ ಇದೊಂದೇ. ಉಳಿದವುಗಳಲ್ಲಿ ಅರ್ಧದಷ್ಟು ರಜೆಯ ಮನೆಗಳು. ಬಾಗಿಲಿನ ಪಕ್ಕದಲ್ಲಿ ಸಂಖ್ಯೆ ಒತ್ತುವ ಕೀಲಿಪೆಟ್ಟಿಗೆ ನೇತಾಡುತ್ತಿರುತ್ತದೆ. ಜನವರಿಯ ಸಂಜೆ ಬೀದಿಯಲ್ಲಿ ದೀಪ ಹತ್ತುವ ಕಿಟಕಿ ಎಣಿಸಲು ಒಂದು ಕೈಯ ಬೆರಳು ಸಾಕು. ಕಲ್ಲುಗಳೇನೋ ಒಂದೂ ಕದಲಿಲ್ಲ.

ಸುಣ್ಣಗಾರೆ
ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ, ಆದ್ದರಿಂದ ಒಂದು ಕಡೆಯ ವಾದ ಇಲ್ಲಿಂದ ಬರಲಿ.

ಹಳೆಗೋಡೆಯವರ ಚಳಿ ನಿಜ. ಆದರೆ ಅವರ ಮನೆಗೆ ಯಾರಾದರೂ ಹಿಂದೊಮ್ಮೆ ಸಿಮೆಂಟ್ ಬಳಿದಿದ್ದಾರೆಯೇ ಎಂದು ನೋಡಲಿ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿಕೊಂಡು ಹೊರಗೆ ಬಿಡುತ್ತದೆ. 20ನೆಯ ಶತಮಾನದಲ್ಲಿ ‘ಗಟ್ಟಿ ಮಾಡುತ್ತೇವೆ’ ಎಂದು ಅದರ ಮೇಲೆ ಸಿಮೆಂಟ್ ಮೆತ್ತಿದರು. ತೇವ ಒಳಗೇ ಸಿಕ್ಕಿಕೊಂಡಿತು. ಹಿಮ ಬಿದ್ದಾಗ ಕಲ್ಲಿನ ಮುಖ ಸಿಪ್ಪೆಯಂತೆ ಎದ್ದುಬಂತು, ತೊಲೆಗಳ ತುದಿ ಕೊಳೆಯಿತು. ಒದ್ದೆ ಗೋಡೆ ಒಣ ಗೋಡೆಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಗಾಜು ಬದಲಿಸುವ ಮೊದಲು ಗೋಡೆ ಒಣಗಲಿ.

ದುರಸ್ತಿ ಬೇರೆ, ಹೊಸತಾಗಿ ಕಾಣಿಸುವುದು ಬೇರೆ. 1877ರಲ್ಲಿ ಕವಿಯೂ ವಿನ್ಯಾಸಕಾರನೂ ಆಗಿದ್ದ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಹೂಡಿದ ಜಗಳವೇ ಇದು. ಆಗಿನ ವಾಸ್ತುಶಿಲ್ಪಿಗಳು ಹಳ್ಳಿಯ ಚರ್ಚುಗಳ ಗಾರೆಯನ್ನು ಕೆರೆದು, ಶತಮಾನಗಳಲ್ಲಿ ಸೇರಿದ್ದನ್ನೆಲ್ಲ ಕಿತ್ತು, ತಾವು ಕಲ್ಪಿಸಿಕೊಂಡ ಮಧ್ಯಯುಗವನ್ನು ಕಟ್ಟುತ್ತಿದ್ದರು. ದಿನವೂ ನೋಡಿಕೊಳ್ಳಿ, ಸೋರುವ ಕಡೆ ಮುಚ್ಚಿ, ಸೇರಿಸಿದ್ದು ಸೇರಿಸಿದ್ದಾಗಿಯೇ ಕಾಣಲಿ ಎಂದು ಮಾರಿಸ್ ಹಟ ಹಿಡಿದ. ಲೇಕಾಕ್‌ನ ಮನೆಗಳು ನೋಡಲು ಚೆನ್ನಾಗಿರುವುದಕ್ಕೆ ಒಂದು ಕಾರಣ ಅವು ಒಂದೇ ಕಾಲದಂತೆ ಕಾಣದಿರುವುದು.

ಆದರೆ ಸರ್ಕಾರದ ಲೆಕ್ಕವೇ ವಿಚಿತ್ರ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಇರುವ ಹಳೆಯ ಮನೆಯನ್ನು ರಿಪೇರಿ ಮಾಡಿಸಿದರೆ ಶೇ. 20. ಪಟ್ಟಿಗೆ ಸೇರಿಸಿ ‘ಮುಟ್ಟಬೇಡ’ ಎನ್ನುವುದೂ ಅದೇ ಸರ್ಕಾರ, ಸೋರುವ ಚಾವಣಿಯನ್ನು ಮುಚ್ಚಿದರೆ ಐದರಲ್ಲಿ ಒಂದು ಪಾಲಿನಷ್ಟು ಮೇಲೆ ಕೊಡು ಎನ್ನುವುದೂ ಅದೇ ಸರ್ಕಾರ. ಇದರ ವಿರುದ್ಧ ಸಂರಕ್ಷಣೆಯ ಕ್ಷೇತ್ರದವರು ದಶಕಗಳಿಂದ ಕೂಗುತ್ತಿದ್ದಾರೆ, ಯಾವ ಹಣಕಾಸು ಮಂತ್ರಿಯ ಕಿವಿಗೂ ಬಿದ್ದಿಲ್ಲ.

ಹಳೆಗೋಡೆ
ಸಿಮೆಂಟ್ ಮೆತ್ತಿದ್ದಾರೆ. ಹಿತ್ತಿಲ ಗೋಡೆಗೆ ಪೂರ್ತಿ. ಇನ್ನು ಈ ವಿಷಯಕ್ಕೆ ಬೇರೆ ಅರ್ಜಿ.

ಏವನ್‌ತೀರ
ಚಹಾಪ್ರಿಯೆಯವರ ಮಾತಿಗೆ ಬರುತ್ತೇನೆ, ಅದು ಸರಿಯಾದ ಜಾಗಕ್ಕೆ ತಾಗಿದೆ.

1907ರ ಕಾಯ್ದೆಯೊಂದು ನ್ಯಾಷನಲ್ ಟ್ರಸ್ಟ್‌ಗೆ ವಿಶೇಷ ಅಧಿಕಾರ ಕೊಟ್ಟಿದೆ. ಟ್ರಸ್ಟ್ ತನ್ನ ಯಾವುದಾದರೂ ಆಸ್ತಿಯನ್ನು ‘ಎಂದಿಗೂ ಪರಭಾರೆ ಮಾಡಲಾಗದ್ದು’ ಎಂದು ಘೋಷಿಸಿದರೆ ಮುಂದೆ ಅದನ್ನು ಟ್ರಸ್ಟ್ ತಾನೂ ಮಾರುವಂತಿಲ್ಲ. ಇಂಗ್ಲೆಂಡಿನ ಇತರ ಕಡೆ ಮನೆಯನ್ನು ದೀರ್ಘಾವಧಿಗೆ ಗೇಣಿಗೆ ಪಡೆದವರು ಕಾನೂನಿನ ಬಲದಿಂದ ತಮ್ಮ ಮನೆಯನ್ನು ಕೊಂಡುಕೊಳ್ಳಬಹುದು. ಇಂಥ ಆಸ್ತಿಗೆ ಆ ಹಕ್ಕು ಅನ್ವಯಿಸುವುದಿಲ್ಲ. ಬಾಡಿಗೆದಾರರ ದೃಷ್ಟಿಯಿಂದ ಇದು ಅನ್ಯಾಯವಾಗಿ ಕಾಣಬಹುದು: ಮೂರು ತಲೆಮಾರು ಬಾಡಿಗೆ ಕಟ್ಟಿದರೂ ಇಟ್ಟಿಗೆಯೊಂದು ನಿನ್ನದಾಗುವುದಿಲ್ಲ. ಆದರೆ ಇದೇ ನಿಯಮದಿಂದಾಗಿ ಲೇಕಾಕ್‌ನ ಹೈಸ್ಟ್ರೀಟ್ ಮನೆಯೊಂದನ್ನು ಹಣವಂತನೊಬ್ಬ ಹರಾಜಿನಲ್ಲಿ ಹಿಡಿದು ಬೀಗ ಹಾಕಲು ಆಗುವುದಿಲ್ಲ.

ಬೇರೆ ಹಳ್ಳಿಗಳಲ್ಲಿ ಬೀಗ ಬಿದ್ದ ಮೇಲೆ ಸರ್ಕಾರ ಎಚ್ಚೆತ್ತಿದೆ. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸ್ಥಳೀಯ ಮಂಡಳಿಗಳು ಎರಡನೆಯ ಮನೆಗಳ ಮೇಲೆ ಕೌನ್ಸಿಲ್ ತೆರಿಗೆಯನ್ನು ದುಪ್ಪಟ್ಟು ಮಾಡಬಹುದು. ಎರಡನೆಯ ಮನೆ ಇಟ್ಟುಕೊಳ್ಳುವಷ್ಟು ಅನುಕೂಲ ಇರುವವರಿಗೆ ಅದು ಎಷ್ಟು ಭಾರವಾದೀತೋ ನನಗಂತೂ ಸಂಶಯ.

ಕಲ್ಲುಚಪ್ಪಡಿ
ಮನೆಯನ್ನು ಮಾತ್ರ ಉಳಿಸುವ ಹುಚ್ಚಿನ ಪರಾಕಾಷ್ಠೆ ನೋಡಬೇಕೆಂದರೆ ಅಮೆರಿಕಕ್ಕೆ ಹೋಗಿ. ಮೋಟಾರು ದೊರೆ ಹೆನ್ರಿ ಫೋರ್ಡ್ ಗ್ಲಾಸ್ಟರ್‌ಷರ್‌ನ ಚೆಡ್‌ವರ್ತ್ ಹಳ್ಳಿಯ ಕಲ್ಲಿನ ಮನೆಯೊಂದನ್ನು ಕೊಂಡು, 1930ರಲ್ಲಿ ಕಲ್ಲುಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ಸಾಗಿಸಿ, ಮಿಷಿಗನ್‌ನ ಡಿಯರ್‌ಬರ್ನ್‌ನಲ್ಲಿ ಮತ್ತೆ ಜೋಡಿಸಿದ. ಈಗಲೂ ಅಲ್ಲಿದೆ, ಬಹಳ ಅಚ್ಚುಕಟ್ಟಾಗಿದೆ. ನೆರೆಮನೆಯವರು ಮಾತ್ರ ಅಟ್ಲಾಂಟಿಕ್‌ನ ಈಚೆ ಉಳಿದರು.

ಇನ್ನು ಕಾಟ್ಸ್‌ವೋಲ್ಡ್ಸ್‌ನದೇ ಬಿಬುರಿ ಹಳ್ಳಿಯ ಕಥೆ. ಅಲ್ಲಿಯ ಆರ್ಲಿಂಗ್‌ಟನ್ ರೋ ಎಂಬ ಮನೆಸಾಲು ಹಿಂದಿನ ಕೆಲವು ಬ್ರಿಟಿಷ್ ಪಾಸ್‌ಪೋರ್ಟುಗಳಲ್ಲಿಯೂ ಅಚ್ಚಾಗಿತ್ತು. ಮೊದಲು ಉಣ್ಣೆಯ ಉಗ್ರಾಣ, 17ನೆಯ ಶತಮಾನದಲ್ಲಿ ನೇಕಾರರ ಮನೆಗಳಾದವು. ಈಗ ಅದೂ ನ್ಯಾಷನಲ್ ಟ್ರಸ್ಟ್‌ನದು. ಆ ಹಳ್ಳಿಯ ವೃದ್ಧರೊಬ್ಬರ ಬಳಿ ಹಳದಿ ಬಣ್ಣದ ಸಣ್ಣ ಕಾರಿತ್ತು. ಅದು ನಿಂತಿದ್ದರೆ ಫೋಟೋ ಕೆಡುತ್ತದೆ ಎಂದು ಪ್ರವಾಸಿಗರ ಗೊಣಗಾಟ. 2017ರಲ್ಲಿ ಯಾರೋ ಅದರ ಗಾಜು ಒಡೆದು, ಮೈಮೇಲೆ ಗೀಚಿ ಹಾಳು ಮಾಡಿದರು. ಸುದ್ದಿ ಹರಡಿತು. ಅದೇ ಏಪ್ರಿಲ್ ಒಂದರಂದು ದೇಶದ ನಾನಾ ಕಡೆಗಳಿಂದ ನೂರರಷ್ಟು ಹಳದಿ ಕಾರುಗಳು ಸಾಲುಗಟ್ಟಿ ಬಿಬುರಿಯೊಳಗೆ ಬಂದವು! ಇಂಗ್ಲಿಷರ ಪ್ರತಿಭಟನೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು.

ಆ ಕಾರು ಊರಿಗೆ ಸೇರಿದ್ದು, ಗಾಜು ಒಡೆದವನ ಕ್ಯಾಮೆರಾ ಸೇರಿದ್ದಲ್ಲ. ಏವನ್‌ತೀರ ಅವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಬಳ್ಳಾರಿಬಿಸಿಲು
ಇಷ್ಟೆಲ್ಲ ಇಂಗ್ಲೆಂಡಿನ ಕಥೆ ಏಕೆ? ಹಂಪಿಯ ಬಜಾರಿನಲ್ಲಿ 2011ರಲ್ಲಿ ಏನಾಯಿತು ಎಂದು ಮಾತಾಡೋಣ.

ನಿರ್ವಾಹಕ
ಖಂಡಿತ ಮಾತಾಡೋಣ, ಬೇರೆ ಎಳೆಯಲ್ಲಿ. ಅದು ಎರಡು ಸಾಲಿನಲ್ಲಿ ಮುಗಿಯುವ ವಿಷಯವಲ್ಲ. ಇಲ್ಲಿ ಲೇಕಾಕ್ ಮುಂದುವರಿಯಲಿ.

ಮೇಷ್ಟರು58
ಮನೆಗಳ ಮಾತು ಬಹಳವಾಯಿತು. ಲೇಕಾಕ್‌ನಲ್ಲಿ ಊರಿನ ಜನರದೇ ಆಗಿದ್ದ ಒಂದು ವಸ್ತುವಿತ್ತು, ಟ್ರಸ್ಟ್‌ನದಲ್ಲ, ಟಾಲ್ಬಟ್ಟರದೂ ಅಲ್ಲ. ಅದರ ಗತಿ ಏನಾಯಿತೆಂದು ಕೇಳಿ.

ಸೇಂಟ್ ಸಿರಿಯಾಕ್ ಚರ್ಚಿನಲ್ಲಿ ಒಂದು ಬೆಳ್ಳಿಯ ಬಟ್ಟಲು. 15ನೆಯ ಶತಮಾನದ್ದು, ಅಲ್ಲಲ್ಲಿ ಚಿನ್ನದ ಲೇಪ, ಮೇಲೆ ಮುಚ್ಚಳ. ಮೂಲತಃ ಇದು ದೇವರ ಪಾತ್ರೆಯಲ್ಲ, ಯಾವನೋ ಸಿರಿವಂತನ ಔತಣದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಕುಡಿಯುವ ಬಟ್ಟಲು. 16ನೆಯ ಶತಮಾನದಲ್ಲಿ ಚರ್ಚುಗಳ ಬೆಳ್ಳಿಯ ಸಾಮಾನುಗಳನ್ನು ಕರಗಿಸಿದ ಕಾಲದಲ್ಲಿ ಇಂಥವು ಉಳಿದದ್ದೇ ಅಪರೂಪ. ಮುಂದೆ ಅದು ಲೇಕಾಕ್ ಚರ್ಚಿಗೆ ಬಂದು, ನಾನೂರು ವರ್ಷ ಪ್ರಾರ್ಥನೆಯ ದ್ರಾಕ್ಷಾರಸಕ್ಕೆ ಬಳಕೆಯಾಯಿತು. ನಾನೂರು ವರ್ಷ ಊರಿನ ಒಕ್ಕಲಿಗನೂ ನೇಕಾರನೂ ಅದೇ ಬಟ್ಟಲಿಗೆ ತುಟಿ ಹಚ್ಚಿದ್ದಾರೆ.

ಕಳ್ಳರ ಭಯ, ವಿಮೆಯ ಖರ್ಚು. 1960ರ ದಶಕದಿಂದ ಬಟ್ಟಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಎರವಲಾಗಿ ಕೂತಿತು. ಈ ನಡುವೆ ಚರ್ಚಿನ ಕಟ್ಟಡಕ್ಕೆ ಹಣ ಬೇಕಾಯಿತು. ಇಂಗ್ಲೆಂಡಿನ ಹಳ್ಳಿಯ ಚರ್ಚುಗಳ ದುರಸ್ತಿಯನ್ನು ಸರ್ಕಾರ ಮಾಡಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ಚರ್ಚ್ ಆಫ್ ಇಂಗ್ಲೆಂಡ್‌ನ ಸುಮಾರು 16,000 ಚರ್ಚುಗಳಲ್ಲಿ 12,000ಕ್ಕೂ ಹೆಚ್ಚು ಸಂರಕ್ಷಿತ ಪಟ್ಟಿಯಲ್ಲಿವೆ. ಅವುಗಳ ಚಾವಣಿಯ ಹೊಣೆ ಮೊದಲಿಗೆ ಬೀಳುವುದು ಭಾನುವಾರ ಬಂದು ಕೂರುವ ಹಿಡಿಯಷ್ಟು ಜನರ ಮೇಲೆ. ಬಟ್ಟಲನ್ನು ಮಾರೋಣ ಎಂಬ ಪ್ರಸ್ತಾಪ ಬಂತು. ಊರಿನಲ್ಲಿ ವಿರೋಧವೂ ಎದ್ದಿತು. ವಿಷಯ ಚರ್ಚಿನದೇ ನ್ಯಾಯಾಲಯಕ್ಕೆ ಹೋಯಿತು. 2012ರಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. 2013ರಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ಡಿವೈಜಸ್ ಪಟ್ಟಣದ ವಿಲ್ಟ್‌ಷರ್ ಮ್ಯೂಸಿಯಂ ಜಂಟಿಯಾಗಿ 13 ಲಕ್ಷ ಪೌಂಡಿಗೆ ಕೊಂಡವು.

ಬಟ್ಟಲು ಮಾರಿ ಚಾವಣಿ ಉಳಿಸಿದ್ದು ಸರಿಯೋ? ನಾನಾಗಿದ್ದರೆ ಮಾರುತ್ತಿರಲಿಲ್ಲ. ಚಾವಣಿ ನೂರು ವರ್ಷದಲ್ಲಿ ಮತ್ತೆ ಸೋರುತ್ತದೆ. ಆಗ ಮಾರಲು ಏನಿರುತ್ತದೆ?

ಸುಣ್ಣಗಾರೆ
ಚಾವಣಿ ಈಗ ಸೋರುತ್ತಿದೆ, ಮೇಷ್ಟರೇ. ನೂರು ವರ್ಷ ಸಿಕ್ಕರೆ ನಮ್ಮ ಕಸುಬಿನಲ್ಲಿ ಅದು ಗೆಲುವು. ಗಾಜಿನ ಪೆಟ್ಟಿಗೆಯೊಳಗೆ ಐವತ್ತು ವರ್ಷ ಕೂತಿದ್ದ ಬಟ್ಟಲಿಗೂ ಊರಿಗೂ ಆಗಲೇ ಸಂಬಂಧ ಕಡಿದಿತ್ತು.

ಚಹಾಪ್ರಿಯೆ
ಕಡಿದಿರಲಿಲ್ಲ. ಕಡಿದಿದ್ದರೆ ವಿರೋಧ ಏಕೆ ಬರುತ್ತಿತ್ತು?

ಇನ್ನೊಂದು ಹೋಲಿಕೆ ನೋಡಿ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಸನದು ಮ್ಯಾಗ್ನಾ ಕಾರ್ಟಾದ 1225ರ ಪ್ರತಿಯೊಂದು ಲೇಕಾಕ್ ಮಠದಲ್ಲಿತ್ತು. ಮಟಿಲ್ಡಾ ಟಾಲ್ಬಟ್ ಅದನ್ನು ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ದೇಶಕ್ಕೆ ಕೊಟ್ಟರು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದಕ್ಕೆ ಎಲ್ಲರೂ ಕೈಮುಗಿದರು. ಒಡತಿ ಕೊಟ್ಟರೆ ಔದಾರ್ಯ, ಊರಿನವರು ಬಟ್ಟಲು ಮಾರಿದರೆ ಅದಕ್ಕೊಂದು ನ್ಯಾಯಾಲಯ. ಮಾರಾಟ ತಪ್ಪೆಂದು ನಾನು ಹೇಳುತ್ತಿಲ್ಲ. ಬಡವರ ಆಸ್ತಿಯ ಮೇಲೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ ಎನ್ನುತ್ತಿದ್ದೇನೆ.

ಮೇಷ್ಟರು58
ನ್ಯಾಯಾಲಯ ಇದ್ದದ್ದು ಒಳ್ಳೆಯದೇ ಆಯಿತಮ್ಮ. ಚರ್ಚಿನ ಬೆಳ್ಳಿ ಈ ಪೀಳಿಗೆಯವರದು ಮಾತ್ರ ಅಲ್ಲ. ಹಿಂದಿನವರ ಪರವಾಗಿಯೂ ಮುಂದಿನವರ ಪರವಾಗಿಯೂ ಯಾರಾದರೂ ಕೂತು ಕೇಳಬೇಕು.

ಗದ್ದೆಬದು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವೆಲ್ಲ ಲೇಕಾಕ್ ಹಿಡಿದುಕೊಂಡು ಕೂತಿದ್ದೀರಿ, ಅಲ್ಲಿ ಊರಿನವರು ಕೂಡಿ ತೀರ್ಮಾನಿಸುವಂಥದ್ದು ಏನು ಉಳಿದಿದೆ? ಮನೆ ಟ್ರಸ್ಟ್‌ನದು, ಬಟ್ಟಲು ಮ್ಯೂಸಿಯಂನದು. ಊರು ಊರಾಗಿ ಉಳಿದಿರುವುದನ್ನು ನೋಡಬೇಕೆಂದರೆ ನಾಟಿಂಗ್‌ಹ್ಯಾಮ್‌ಷರ್‌ನ ಲ್ಯಾಕ್ಸ್‌ಟನ್‌ಗೆ ಹೋಗಿ. ಫೋಟೋಕ್ಕೆ ಅಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ: ಇಟ್ಟಿಗೆಯ ತೋಟದ ಮನೆಗಳು, ಕೊಟ್ಟಿಗೆ, ಟ್ರ್ಯಾಕ್ಟರು, ಕೆಸರು. ಅಲ್ಲಿ ಸಂರಕ್ಷಣೆಯಾಗಿರುವುದು ಬೇಸಾಯದ ಪದ್ಧತಿ.

ಮಧ್ಯಯುಗದ ಇಂಗ್ಲೆಂಡಿನ ಬಹುಭಾಗದಲ್ಲಿ ಊರಿನ ಸುತ್ತ ಬೇಲಿಯಿಲ್ಲದ ದೊಡ್ಡ ಬಯಲುಗಳಿರುತ್ತಿದ್ದವು. ಪ್ರತಿ ರೈತನಿಗೂ ಪ್ರತಿ ಬಯಲಿನಲ್ಲಿ ಉದ್ದುದ್ದನೆಯ ಪಟ್ಟೆಗಳು, ಒಬ್ಬನದು ಇನ್ನೊಬ್ಬನದರ ಪಕ್ಕದಲ್ಲಿ. ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಹಂಚಿಹೋಗುತ್ತಿತ್ತು. ಆಮೇಲೆ ಬೇಲಿಯ ಕಾಲ ಬಂತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿ, 68 ಲಕ್ಷ ಎಕರೆಯಷ್ಟು ಭೂಮಿಯನ್ನು ಒಬ್ಬೊಬ್ಬರ ಬೇಲಿಯೊಳಗೆ ಹಾಕಿತು. ನಾವು ‘ಇಂಗ್ಲಿಷ್ ಹಳ್ಳಿಗಾಡು’ ಎಂದು ಮೆಚ್ಚುವ ಆ ಹಸಿರು ಬೇಲಿಗಳ ಚೌಕಗಳಲ್ಲಿ ಎಷ್ಟೋ ಭಾಗ ಹೀಗೆ ಊರೊಟ್ಟಿನ ಹಕ್ಕನ್ನು ಮುರಿದು ಎಳೆದ ಗೆರೆಗಳು.

ಲ್ಯಾಕ್ಸ್‌ಟನ್ ತಪ್ಪಿಸಿಕೊಂಡಿತು. ಪಡುವಣ ಬಯಲು, ತೆಂಕಣ ಬಯಲು, ಗಿರಣಿ ಬಯಲು ಎಂದು ಮೂರು ಇಂದಿಗೂ ಇವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದಕ್ಕೆ ಬಿಡುವು. ಮೂರು ವರ್ಷಕ್ಕೊಂದು ಸುತ್ತು. ಹಿಂದೆ ಇದ್ದುದಕ್ಕಿಂತ ಪಟ್ಟೆಗಳು ಕಡಿಮೆಯಾಗಿವೆ, ಅಗಲವಾಗಿವೆ, ಯಂತ್ರ ತಿರುಗಲು ಜಾಗ ಬೇಕಲ್ಲ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಪ್ರತಿ ಪಟ್ಟೆಯನ್ನೂ ಅಳೆದು ಬರೆದ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿರುವ ಬಯಲುಗಳ ಹೆಸರುಗಳಲ್ಲಿ ಈ ಮೂರನ್ನೂ ಇಂದಿನ ರೈತ ಬಳಸುತ್ತಾನೆ.

ಇದನ್ನೆಲ್ಲ ನಡೆಸುವುದು ಯಾವ ಇಲಾಖೆಯೂ ಅಲ್ಲ, ಕೋರ್ಟ್ ಲೀಟ್ ಎಂಬ ಊರಿನ ನ್ಯಾಯಸಭೆ. ನವೆಂಬರ್ ಕೊನೆಯ ಹೊತ್ತಿಗೆ ರೈತರಿಂದಲೇ ಆರಿಸಿದ ಪಂಚರು ಗೋಧಿಯ ಬಯಲನ್ನು ನಡೆದು ನೋಡುತ್ತಾರೆ. ಯಾರಾದರೂ ನೇಗಿಲನ್ನು ದಾರಿಯ ಮೇಲೆ ಹರಿಸಿದ್ದಾರೆಯೇ, ನಡುವಿನ ಹುಲ್ಲುಪಟ್ಟಿಯನ್ನು ಒತ್ತಿದ್ದಾರೆಯೇ, ಗಡಿ ಸರಿದಿದೆಯೇ ಎಂದು ಪರೀಕ್ಷಿಸಿ ಗೂಟ ಹೊಡೆಯುತ್ತಾರೆ. ಒಂದು ವಾರದ ಮೇಲೆ ಊರಿನ ಡೋವ್‌ಕೋಟ್ ಪಬ್ಬಿನಲ್ಲಿ ಸಭೆ ಸೇರಿ, ತಪ್ಪು ಮಾಡಿದವನಿಗೆ ದಂಡ ಹಾಕುತ್ತಾರೆ. ದಂಡ ಸಣ್ಣದು, ಆದರೆ ಅದನ್ನು ಹಾಕುವವನು ನಾಳೆ ಬೆಳಗ್ಗೆ ಪಕ್ಕದ ಪಟ್ಟೆಯಲ್ಲಿ ಎದುರಾಗುವ ನೆರೆಯವನೇ. ಇಂಥ ಹಳೆಯ ಸಭೆಗಳ ನ್ಯಾಯಾಧಿಕಾರವನ್ನು 1977ರ ಕಾಯ್ದೆ ಕಿತ್ತುಕೊಂಡಾಗಲೂ ಲ್ಯಾಕ್ಸ್‌ಟನ್ನಿನದನ್ನು ಬಿಟ್ಟಿತು.

ಉಳುಮೆ ಆಗದ ತಗ್ಗಿನ ಹುಲ್ಲುಪಟ್ಟಿಗಳಿಗೆ ಅಲ್ಲಿ ಸೈಕ್ ಎನ್ನುತ್ತಾರೆ. ನೇಗಿಲೂ ಗೊಬ್ಬರವೂ ಮುಟ್ಟದೆ, ವರ್ಷವರ್ಷವೂ ಒಣಹುಲ್ಲಿಗಾಗಿ ಕೊಯ್ದು ಬಿಟ್ಟದ್ದರಿಂದ ಕಾಡುಹೂಗಳು ತುಂಬಿಕೊಂಡು, ಇಂದು ಅವು ವೈಜ್ಞಾನಿಕ ಮಹತ್ವದ ಸಂರಕ್ಷಿತ ತಾಣ. ಹೂಗಳನ್ನು ಉಳಿಸಲು ಯಾರೂ ಸಂಘ ಕಟ್ಟಿರಲಿಲ್ಲ. ನೆರೆಯವನು ಹುಲ್ಲುಪಟ್ಟಿಯನ್ನು ಒತ್ತದಂತೆ ನೋಡಿಕೊಂಡರು, ಅಷ್ಟರಲ್ಲಿ ಹೂ ಉಳಿಯಿತು.

ಏವನ್‌ತೀರ
ಇದಕ್ಕೂ ಒಬ್ಬ ಒಡೆಯ ಇರಬೇಕಲ್ಲ? ರೈತರು ಸ್ವಂತದ್ದೆಂದು ಉಳುತ್ತಿದ್ದರೆ ಯಾವನೋ ಒಬ್ಬ ಇಷ್ಟು ಹೊತ್ತಿಗೆ ತನ್ನ ಪಟ್ಟೆಗೆ ಬೇಲಿ ಹಾಕುತ್ತಿದ್ದ.

ಗದ್ದೆಬದು
ಇದ್ದಾನೆ. ಮ್ಯಾನ್ವರ್ಸ್ ಅರ್ಲ್ ಮನೆತನದ ಆಸ್ತಿಯಾಗಿತ್ತು. 1952ರಲ್ಲಿ ಕೃಷಿ ಇಲಾಖೆ ಕೊಂಡಿತು, 1981ರಲ್ಲಿ ಅರಸೊತ್ತಿಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಹಳೆಯ ಮನೆತನದ ವಾರಸುದಾರರ ಥೋರ್ಸ್‌ಬಿ ಎಸ್ಟೇಟ್ ಮತ್ತೆ ಕೊಂಡುಕೊಂಡಿತು. ರೈತರು ಗೇಣಿದಾರರೇ. ಒಡೆಯ ಮೂರು ಸಲ ಬದಲಾದರೂ ಗೂಟ ಎಲ್ಲಿ ಹೊಡೆಯಬೇಕೆಂದು ಹೇಳುವವರು ಬದಲಾಗಲಿಲ್ಲ. ಲೇಕಾಕ್‌ಗೂ ಇದಕ್ಕೂ ನನ್ನ ಕಣ್ಣಿಗೆ ಇರುವ ವ್ಯತ್ಯಾಸ ಇದು.

ಮೇಷ್ಟರು58
ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಲ್ಯಾಕ್ಸ್‌ಟನ್‌ನಲ್ಲಿ ಉಳಿದಿರುವ ರೈತರು ಬೆರಳೆಣಿಕೆಯವರು. ಅವರ ಮಕ್ಕಳು ಬೇಸಾಯ ಬೇಡವೆಂದರೆ ಪಂಚರು ಎಲ್ಲಿಂದ ಬರುತ್ತಾರೆ? ಮನೆಯನ್ನು ಹಣ ಕೊಟ್ಟು ಉಳಿಸಬಹುದು. ಗೇಣಿದಾರನ ಮಗನಿಗೆ ಊರಿನಲ್ಲೇ ಇರು ಎಂದು ಯಾವ ಕಾಯ್ದೆಯೂ ಹೇಳಲಾರದು.

ಹಳೆಗೋಡೆ
ಜನರನ್ನೇ ಹೊರಗೆ ಹಾಕಿ ‘ಉಳಿಸಿದ’ ಹಳ್ಳಿಯೂ ಇದೆ. ಡಾರ್ಸೆಟ್‌ನ ಟೈನ್ಹ್ಯಾಮ್. 1943ರ ಡಿಸೆಂಬರ್‌ನಲ್ಲಿ ಸೈನ್ಯದ ತರಬೇತಿಗೆಂದು ಊರನ್ನು ಖಾಲಿ ಮಾಡಿಸಿದರು. ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ಹಿಂದಿರುಗುತ್ತೇವೆ ಎಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಯುದ್ಧ ಮುಗಿದ ಮೇಲೆ ಸರ್ಕಾರ ಭೂಮಿಯನ್ನು ತನ್ನದೇ ಮಾಡಿಕೊಂಡಿತು, ಯಾರನ್ನೂ ಬಿಡಲಿಲ್ಲ. ಈಗ ಶಾಲೆಯ ಕೋಣೆಯಲ್ಲಿ ಮಕ್ಕಳ ಹೆಸರಿನ ಕೊಕ್ಕೆಗಳನ್ನು ನೋಡಲು ವಾರಾಂತ್ಯದಲ್ಲಿ ಪ್ರವಾಸಿಗರು ಬರುತ್ತಾರೆ. ಸುತ್ತಲಿನ ಜಾಗದಲ್ಲಿ ಬೇಸಾಯವಿಲ್ಲದ್ದರಿಂದ ವನ್ಯಜೀವಿಗಳು ಸಮೃದ್ಧವಾಗಿವೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಉಂಟು. ಇಂಥ ಹೆಮ್ಮೆ ನನಗೆ ನುಂಗಲಾಗುವುದಿಲ್ಲ.

ಸುಣ್ಣಗಾರೆ
ಲೇಕಾಕ್‌ಗೆ ನ್ಯಾಯ ಒದಗಿಸಲು ಒಂದು ಮಾತು. ಅಲ್ಲಿ ಊರಿನವರ ಕೈಯಲ್ಲಿ ಏನೂ ಇಲ್ಲ ಎನ್ನುವುದು ಸರಿಯಲ್ಲ. ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಮಂಡಳಿ ಇದೆ. ಕಟ್ಟಡದ ಅನುಮತಿ ಕೇಳುವ ಪ್ರತಿ ಅರ್ಜಿಯ ಮೇಲೂ ಅದರ ಅಭಿಪ್ರಾಯ ಕೇಳಲೇಬೇಕು. ಅಲ್ಲದೆ 2011ರ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಯಾವ ಊರಿನವರೂ ತಮ್ಮ ಪಬ್ಬು ಅಥವಾ ಅಂಗಡಿಯನ್ನು ‘ಸಮುದಾಯದ ಆಸ್ತಿ’ ಎಂದು ನೋಂದಾಯಿಸಬಹುದು. ಆಮೇಲೆ ಒಡೆಯ ಮಾರಲು ಹೊರಟರೆ, ಊರಿನವರು ಕೊಳ್ಳಲು ಮುಂದೆ ಬಂದಲ್ಲಿ ಹಣ ಕೂಡಿಸಲು ಆರು ತಿಂಗಳ ಅವಕಾಶ ಸಿಗುತ್ತದೆ. ಇದರಿಂದ ಊರಿನವರೇ ಷೇರು ಹಾಕಿ ಪಬ್ಬು ಕೊಂಡು ನಡೆಸುತ್ತಿರುವ ಹಳ್ಳಿಗಳು ಎಷ್ಟೋ ಇವೆ. ಆದರೆ ಆ ಕಾಯ್ದೆ ಒಡೆಯನಿಗೆ ಊರಿನವರಿಗೇ ಮಾರು ಎಂದು ಕಡ್ಡಾಯ ಮಾಡುವುದಿಲ್ಲ. ಆರು ತಿಂಗಳು ಕಾಯಿಸಿ ಬೇರೆಯವನಿಗೆ ಕೊಡಬಹುದು, ಕೊಟ್ಟವರೂ ಇದ್ದಾರೆ.

ಚಹಾಪ್ರಿಯೆ
ಗದ್ದೆಬದು ಅವರೇ, ಪಂಚರು ಬಯಲು ನಡೆಯುವ ದಿನ ಹೊರಗಿನವರು ಹೋಗಬಹುದೇ? ಈ ನವೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಕಡೆಗೆ ಹೋಗುವುದಿದೆ.

ಗದ್ದೆಬದು
ಊರಿನ ಸಂದರ್ಶಕರ ಕೇಂದ್ರದಲ್ಲಿ ಮೊದಲೇ ಕೇಳಿ ಹೋಗಿ, ಅದು ಅವರ ಕೆಲಸದ ದಿನ. ಬಯಲುಗಳ ದಾರಿಯಲ್ಲಿ ಬೇರೆ ಯಾವ ದಿನವಾದರೂ ನಡೆಯಬಹುದು. ಜೇಡಿಮಣ್ಣು, ಮಳೆಗಾಲದಲ್ಲಿ ಕಾಲು ಕಿತ್ತು ಇಡುವುದೇ ಕಷ್ಟ. ಗಂಬೂಟು ಹಾಕಿಕೊಂಡು ಹೋಗಿ. ಬಿತ್ತಿದ ಗೋಧಿಯನ್ನು ತುಳಿಯಬೇಡಿ, ದಂಡ ಬೀಳುತ್ತದೆಯೋ ಇಲ್ಲವೋ, ಬೈಗುಳವಂತೂ ಬೀಳುತ್ತದೆ.